ಹೊರಗಿನ ಯಾರ ನೆರವೂ ಇಲ್ಲದೆ

ನಾಲ್ಕನೆಯ ಮಹಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗುಳ್ಳಕ್ಕ ಎಂದರೆ ಸಾಕು, ಲಿಫ್ಟು ನಡೆಸುವವನಿಂದ ಹಿಡಿದು ಪ್ರಯೋಗಾಲಯದ ಮುಖ್ಯಸ್ಥರವರೆಗೆ ಎಲ್ಲರಿಗೂ ಯಾರೆಂದು ಗೊತ್ತಾಗುತ್ತಿತ್ತು. ಓದು ದೊಡ್ಡದು, ಪದವಿಗಳ ಸಾಲು ಉದ್ದ, ಆದರೆ ದಿನಾ ಮಾಡುವುದು ಗುಳ್ಳೆ. ಹೆಸರು ಅಂಟಿಕೊಂಡಿತು, ಅವಳೂ ಬಿಡಿಸಿಕೊಳ್ಳಲು ಹೋಗಲಿಲ್ಲ.

ಇದು ಮಕ್ಕಳು ಊದುವ ಸೋಪಿನ ಗುಳ್ಳೆಯಲ್ಲ. ಬೇಕಾದರೆ ಅದರ ದೂರದ ನೆಂಟ ಎನ್ನಬಹುದು. ಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತುವನ್ನು ದುಂಡು ತಳದ ಸೀಸೆಯಲ್ಲಿ ಕರಗಿಸಿ, ಸೀಸೆಯನ್ನು ತಿರುಗಿಸುತ್ತ ಒಣಗಿಸಿದರೆ ತಳಕ್ಕೆ ಕನ್ನಡಿಯ ಮೇಲಿನ ಉಸಿರಿನಷ್ಟು ತೆಳುವಾದ ಪೊರೆ ಅಂಟಿಕೊಳ್ಳುತ್ತದೆ. ಮೇಲೆ ಹದವಾದ ಸಕ್ಕರೆ ನೀರು ಬಿಟ್ಟು ಕಾಯಬೇಕು. ಪೊರೆ ಉಬ್ಬುತ್ತದೆ, ಪದರ ಪದರವಾಗಿ ಏಳುತ್ತದೆ, ತನ್ನ ಅಂಚನ್ನು ತಾನೇ ಹೊಲಿದುಕೊಂಡು ಗುಂಡಗಾಗುತ್ತದೆ. ಬ್ಯಾಕ್ಟೀರಿಯಾಗಳನ್ನು ಒಡೆದು ಸೋಸಿ ತೆಗೆದ ಸಾರವನ್ನೂ ಒಂದು ಚೂರು ಡಿಎನ್‌ಎಯನ್ನೂ ಆ ನೀರಿಗೆ ಮೊದಲೇ ಬೆರೆಸಿಟ್ಟಿದ್ದರೆ, ಅವು ಗುಳ್ಳೆಯೊಳಗೆ ಸಿಕ್ಕಿಕೊಂಡು ಒಂದು ಹಸಿರು ಪ್ರೋಟೀನನ್ನು ತಯಾರಿಸತೊಡಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಕತ್ತಲೆಯಲ್ಲಿ ಹಸಿರು ದೀಪಗಳು. ಜೀವ ಇನ್ನೂ ಬಂದಿಲ್ಲ, ಆದರೆ ಜೀವದ ಮನೆಗೆಲಸ ಶುರುವಾಗಿದೆ. ಆ ಗುಳ್ಳೆ ತಾನೇ ಬೆಳೆದು ತಾನೇ ಎರಡಾಗಬೇಕು, ಆಗ ಅದನ್ನು ಜೀವಕೋಶದ ತಮ್ಮ ಎಂದಾದರೂ ಕರೆಯಬಹುದು ಎಂಬುದು ಆ ಮಹಡಿಯ ಕನಸು.

ಮನೆಯಲ್ಲಿ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳುವಾಗ ಗುಳ್ಳಕ್ಕ ಬೆರಳಿನಲ್ಲಿ ಗಾಳಿಯಲ್ಲೇ ಚಿತ್ರ ಬರೆಯುತ್ತಿದ್ದಳು. ಲಿಪಿಡ್ಡಿನ ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಕಂಡರಾಗದು, ಅದಕ್ಕೇ ಬಾಲಗಳೆಲ್ಲ ಒಳಗೆ ಮುದುರಿಕೊಂಡು ತಲೆಗಳು ಮಾತ್ರ ಹೊರಗೆ ನಿಲ್ಲುತ್ತವೆ ಎಂದು ವಿವರಿಸಿದಾಗ ಚಿಕ್ಕಮ್ಮ ತಟ್ಟೆ ತೊಳೆಯುತ್ತಲೇ ಅಂದಿದ್ದಳು: "ನಮ್ಮ ಸೂಪರ್‌ವೈಸರ್ ಥರ ಅನ್ನು. ದೊಡ್ಡೋರ ಮುಂದೆ ಬರೀ ತಲೆ ಕಾಣುತ್ತೆ, ಬಾಲ ಎಲ್ಲಿಟ್ಟಿದಾನೋ ಗೊತ್ತೇ ಆಗಲ್ಲ."

ಈ ಚಿಕ್ಕಮ್ಮನೇ ಗುಳ್ಳಕ್ಕನನ್ನು ಸಾಕಿದವಳು. ಹೆತ್ತ ತಾಯಿ ತೀರಿಕೊಂಡಾಗ ಅವಳಿನ್ನೂ ಹಾಲುಹಲ್ಲಿನ ಹುಡುಗಿ. ತಾಯಿಯ ತಂಗಿ ಬಂದವಳು ಮತ್ತೆ ಹೋಗಲಿಲ್ಲ. ಈಗ ಇಬ್ಬರೂ ಒಂದೇ ಕಟ್ಟಡದಲ್ಲಿ ದುಡಿಯುತ್ತಿದ್ದರು. ಮಗಳು ನಾಲ್ಕನೆಯ ಮಹಡಿಯಲ್ಲಿ ಗುಳ್ಳೆ ಮಾಡಿದರೆ ಚಿಕ್ಕಮ್ಮ ಅದೇ ಮಹಡಿಯ ನೆಲ ಒರೆಸುತ್ತಿದ್ದಳು, ಗುತ್ತಿಗೆಯವರ ನೀಲಿ ಅಂಗಿ ತೊಟ್ಟು. ಕೆಲಸಕ್ಕೆ ಸೇರಿದ ಮೊದಲ ದಿನವೇ ಗುಳ್ಳಕ್ಕ ಹಜಾರದ ಈ ತುದಿಯಿಂದ ಆ ತುದಿಗೆ ಕೇಳುವಂತೆ, "ಚಿಕ್ಕೀ, ನನ್ನ ಊಟದ ಡಬ್ಬಿ ನಿನ್ನ ಹತ್ರಾನೇ ಉಳೀತು" ಎಂದು ಕೂಗಿದ್ದಳು. ಅಂದಿನಿಂದ ಆಕೆ ಇಡೀ ಮಹಡಿಗೆ ಚಿಕ್ಕಿ. ಮುಚ್ಚಿಡುವುದು ಏನಿತ್ತು? ಓದಿದವಳ ಬಳಗದವರೆಲ್ಲ ಓದಿದವರೇ ಆಗಿರಬೇಕೆಂದು ಬಯಸುವವರು ತಮ್ಮ ಸಂಕಟವನ್ನು ತಾವೇ ನುಂಗಿಕೊಳ್ಳಲಿ.

ಚಿಕ್ಕಿಯ ಹತ್ತಿರ ಒಂದು ನೆಲ ಉಜ್ಜುವ ಯಂತ್ರವಿತ್ತು. ಮುದಿ ಯಂತ್ರ, ವಿಪರೀತ ಭಾರ. ಕೆಳಗೆ ದುಂಡನೆಯ ಬ್ರಷ್ಷು ಗರಗರ ತಿರುಗುವಾಗ ಹಿಡಿಕೆ ಹಿಡಿದವರ ಹಲ್ಲೂ ಕಟಕಟ ಅನ್ನಬೇಕು. ಅವಳು ಅದನ್ನು ಎಮ್ಮೆ ಅನ್ನುತ್ತಿದ್ದಳು. ಬೆಳಗಿನ ಚಹಾ ಮುಗಿದ ಮೇಲೆ "ಎಮ್ಮೆ ಹೊಡ್ಕೊಂಡು ಬರ್ತೀನಿ" ಎಂದು ಎದ್ದರೆ ಹಜಾರದ ಉದ್ದಕ್ಕೂ ಅದನ್ನು ಅತ್ತಿತ್ತ ತೂಗುತ್ತ ಸಾಗುವಳು. ತಂತಿ ಗಿಡ್ಡ, ಹಜಾರದ ನಡುವೆ ಒಮ್ಮೆ ನಿಲ್ಲಿಸಿ, ಹಿಂದಕ್ಕೆ ಹೋಗಿ ಪ್ಲಗ್ಗು ಕಿತ್ತು, ಮುಂದಿನ ಗೋಡೆಯಲ್ಲಿ ಚುಚ್ಚಿ, ಸೊಂಟಕ್ಕೆ ಕೈಕೊಟ್ಟು ಒಂದು ಉಸಿರು ಎಳೆದುಕೊಂಡು ಮತ್ತೆ ಶುರು ಮಾಡುವಳು.

ಅಂಥದೊಂದು ಬೆಳಗ್ಗೆಯೇ ಗುಳ್ಳೆ ಎರಡಾಯಿತು.

ಗುಳ್ಳಕ್ಕ ಎಂದಿನಂತೆ ಗುಳ್ಳೆಗಳಿಗೆ ಕೊಬ್ಬಿನಾಮ್ಲದ ಹನಿಗಳನ್ನು ಉಣಿಸಿದ್ದಳು. ಉಂಡ ಗುಳ್ಳೆಗಳು ದಪ್ಪಗಾಗುವ ಬದಲು ಉದ್ದವಾಗಿ, ಬಾಲ ಬಂದಂತಾಗಿ, ಕೊನೆಗೆ ಎಳೆ ಎಳೆಯಾಗಿ ನಿಂತಿದ್ದವು. ಅಷ್ಟರವರೆಗೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಆ ದಿನ ಪರದೆಯ ಮೇಲೆ ನೋಡುನೋಡುತ್ತಿದ್ದಂತೆ ಒಂದು ಎಳೆಯಲ್ಲಿ ಗಂಟುಗಳು ಮೂಡಿದವು, ಗಂಟುಗಳು ಮಣಿಗಳಾದವು, ಮಣಿಗಳು ದಾರ ಕಳಚಿಕೊಂಡು ಒಂದೊಂದಾಗಿ ಈಜಿ ಹೋದವು. ಪ್ರತಿಯೊಂದರ ಹೊಟ್ಟೆಯಲ್ಲೂ ಹಸಿರು. ಸೂಕ್ಷ್ಮದರ್ಶಕ ನೋಡಿಕೊಳ್ಳುವ ಲೆನ್ಸಣ್ಣ ಕುರ್ಚಿಯಿಂದ ಎದ್ದವನು ಮತ್ತೆ ಕೂರಲೇ ಇಲ್ಲ. ಮಾರನೆಯ ದಿನವೂ ಆಯಿತು, ಆಮೇಲೂ ಆಯಿತು. ಮೇಷ್ಟ್ರು, ಎಂದರೆ ಪ್ರಯೋಗಾಲಯದ ಮುಖ್ಯಸ್ಥರು, ಅರ್ಧ ಜೀವಮಾನವನ್ನು ಪೊರೆಗಳಿಗೆ ಸುರಿದ ಮನುಷ್ಯ, ಲೆನ್ಸಣ್ಣನ ಪರದೆಯ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಅಲುಗಾಡಿಸಿ ಎಳೆಗಳನ್ನು ತುಂಡರಿಸುವುದನ್ನು ಬೇರೆಯವರು ಎಂದೋ ಮಾಡಿ ತೋರಿಸಿದ್ದರು. ಅದರಲ್ಲಿ ಹೆಚ್ಚುಗಾರಿಕೆ ಏನೂ ಉಳಿದಿರಲಿಲ್ಲ. ಇಲ್ಲಿ ಯಾರೂ ಮುಟ್ಟಿರಲಿಲ್ಲ, ಅದೇ ಹೊಸದು. ಮೇಷ್ಟ್ರು ಬರೆಯತೊಡಗಿದ ಲೇಖನದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಕೂತದ್ದೂ ಅದೇ ಮಾತು: ಹೊರಗಿನ ಯಾರ ನೆರವೂ ಇಲ್ಲದೆ ಬೆಳೆದು ಇಬ್ಭಾಗವಾಗುವ ಕೃತಕ ಕೋಶ.

ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಯೋಜನೆಯನ್ನು ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸಲು ಒಂದು ತಜ್ಞರ ತಂಡ ಬರುತ್ತದೆಂದೂ, ಅವರ ಕಣ್ಣೆದುರೇ ಗುಳ್ಳೆ ಎರಡಾಗಬೇಕೆಂದೂ ತಿಳಿಯಿತು. ಮೇಷ್ಟ್ರಿಗೆ ನಿದ್ದೆ ಹಾರಿತು. ಇಷ್ಟು ನಾಜೂಕಿನ ಪ್ರಯೋಗ, ಹಜಾರದಲ್ಲಿ ಆ ಯಂತ್ರದ ಗಲಾಟೆ, ಒಂದು ದಿನ ಎಲ್ಲ ಕೆಟ್ಟು ಕೂತರೆ? ಸದ್ದು, ಅದುರು ಯಾವುದೂ ಇರಕೂಡದು ಎಂದು ಆಡಳಿತ ಕಚೇರಿಗೆ ಎರಡು ಸಾಲು ಬರೆದು ಕಳಿಸಲು ಗುಳ್ಳಕ್ಕನಿಗೆ ಹೇಳಿದರು. ಅವಳು ಬರೆದಳು. ಯಂತ್ರ ಓಡಿಸುವ ಹೊತ್ತನ್ನು ಸಂಜೆಗೆ ಸರಿಸುತ್ತಾರೆ, ಚಿಕ್ಕಿಗೂ ಬೆಳಗ್ಗೆ ಕೊಂಚ ಆರಾಮ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಕೆಳಗೆ ಸಹಿಯನ್ನೂ ಹಾಕಿದಳು.

ಆ ಎರಡು ಸಾಲು ಆಡಳಿತ ಕಚೇರಿಯಲ್ಲಿ ಮನವಿಯಾಗಿ ಹೊಕ್ಕು ಗುತ್ತಿಗೆಯವರ ಕಚೇರಿಯಲ್ಲಿ ದೂರಿನ ರೂಪದಲ್ಲಿ ಹೊರಬಿತ್ತು. ಇಂಥ ಕಚೇರಿಗಳ ಜೀರ್ಣಶಕ್ತಿಯೇ ಹಾಗೆ. ಸೂಪರ್‌ವೈಸರ್ ಚಿಕ್ಕಿಯನ್ನು ಕರೆಸಿ, ನಿನ್ನ ಮೇಲೆ ನಾಲ್ಕನೇ ಮಹಡಿಯಿಂದ ಕಂಪ್ಲೇಂಟ್ ಬಂದಿದೆ, ನಿನ್ನ ಜಾಗದಲ್ಲಿ ಬರೀ ಬಟ್ಟೆ ಹಿಡಿದು ಒರೆಸುವವಳನ್ನು ಹಾಕಿದ್ದೇವೆ ಎಂದ. ಅವಳನ್ನು ನೆಲಮಾಳಿಗೆಯ ಕೋಣೆಯಲ್ಲಿ ಕೂರಿಸಿದರು. ಬೇರೆಲ್ಲಾದರೂ ಯಾರಾದರೂ ರಜೆ ಹಾಕಿದರೆ ಕರೆಯುತ್ತಾರೆ, ತಿಂಗಳ ಕೊನೆಯೊಳಗೆ ಯಾವ ಮಹಡಿಯೂ ಕೇಳಿ ಪಡೆಯದಿದ್ದರೆ ನೀಲಿ ಅಂಗಿ ವಾಪಸು ಕೊಟ್ಟು ಹೊರಡಬೇಕು. ದೂರು ಇರುವವಳನ್ನು ಯಾವ ಮಹಡಿ ಕೇಳುತ್ತದೆ?

ಅಂದು ಮನೆಯಲ್ಲಿ ಚಿಕ್ಕಿ ಬೈಯಲಿಲ್ಲ. ಬೈದಿದ್ದರೆ ಗುಳ್ಳಕ್ಕ ಬದುಕಿಕೊಳ್ಳುತ್ತಿದ್ದಳು. ಊಟಕ್ಕೆ ಇಟ್ಟು, ನೀರು ಇಟ್ಟು, ತನ್ನ ತಟ್ಟೆಯ ಮುಂದೆ ಕೂತು ಬಹಳ ಹೊತ್ತು ಅನ್ನ ಕಲಸಿದಳು.

"ನಿನ್ನ ಸಹಿ ಚೆನ್ನಾಗಿದೆ ಕಣೇ," ಎಂದಳು ಕೊನೆಗೆ. "ಸೂಪರ್‌ವೈಸರ್ ತೋರಿಸ್ದ. ಅಕ್ಷರ ಕಲಿಸ್ದಾಗ ಇಷ್ಟು ದುಂಡಗೆ ಬರೀತಿರಲಿಲ್ಲ ನೀನು."

"ಚಿಕ್ಕಿ, ನಾನು ಹೊತ್ತು ಬದಲಾಯ್ಸಿ ಅಂತ ಅಷ್ಟೇ..."

"ಗೊತ್ತು ಬಿಡು. ನಿನಗೆ ಗೊತ್ತಿರಲಿಲ್ಲ ಅಂತ ನನಗೆ ಗೊತ್ತು. ಅಲ್ಲೇ ಕೆಲಸ ಮಾಡ್ತೀಯ, ಇಷ್ಟು ಗೊತ್ತಿಲ್ಲವಲ್ಲ ಅಂತಾನೇ ನನ್ನ ಹೊಟ್ಟೆ ಉರಿಯೋದು."

ಮರುದಿನವೇ ಗುಳ್ಳಕ್ಕ ಆಡಳಿತ ಕಚೇರಿಗೆ ಓಡಿದಳು. ದೂರು ಮುಖ್ಯಸ್ಥರ ಪರವಾಗಿ ಬಂದದ್ದು, ಅವರೇ ಹಿಂದೆ ತೆಗೆದುಕೊಳ್ಳಬೇಕು ಎಂದರು. ಮೇಷ್ಟ್ರ ಬಳಿ ಹೋದರೆ ಅವರು ಪಾಪ ನಿಜಕ್ಕೂ ನೊಂದುಕೊಂಡರು, ಛೆ ಛೆ ಎಂದರು, ತಂಡ ಬಂದು ಹೋಗಲಿ, ಆಮೇಲೆ ಖಂಡಿತ ಮಾತಾಡೋಣ ಎಂದರು. ತಂಡ ಬರುವುದು ಮುಂದಿನ ತಿಂಗಳು. ಚಿಕ್ಕಿ ಹೊರಬೀಳುವುದು ಈ ತಿಂಗಳು. ದೊಡ್ಡವರ ಒಳ್ಳೆಯತನ ಯಾವಾಗಲೂ ಒಂದು ತಿಂಗಳು ತಡವಾಗಿಯೇ ಹೊರಡುತ್ತದೆ.

ಇತ್ತ ಹಜಾರ ನಿಶ್ಶಬ್ದವಾಯಿತು. ಬಟ್ಟೆ ಹಿಡಿದವಳು ನೆರಳಿನಂತೆ ಬಂದು ಒರೆಸಿ ಹೋಗುವಳು. ಮತ್ತು ಗುಳ್ಳೆಗಳು ಎರಡಾಗುವುದನ್ನು ನಿಲ್ಲಿಸಿಬಿಟ್ಟವು.

ಮೊದಲ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಎಲ್ಲರೂ ಕೆಡಿಸಿಕೊಂಡರು. ಗುಳ್ಳೆಗಳು ಉಣ್ಣುತ್ತಿದ್ದವು, ಬೆಳೆಯುತ್ತಿದ್ದವು, ಎಳೆಗಳಾಗುತ್ತಿದ್ದವು, ಅಷ್ಟೇ. ಎಳೆಗಳು ಹಾಗೇ ಬಿದ್ದುಕೊಂಡು ಒಂದಕ್ಕೊಂದು ಸಿಕ್ಕು ಹಾಕಿಕೊಂಡು ಬಾಚದ ತಲೆಯಂತೆ ಕಾಣುತ್ತಿದ್ದವು. ಗುಳ್ಳಕ್ಕ ಲಿಪಿಡ್ಡಿನ ಹೊಸ ಸೀಸೆ ಒಡೆದಳು. ಸಕ್ಕರೆ ನೀರಿನ ಹದ ತಿದ್ದಿದಳು, ಉಪ್ಪು ತಿದ್ದಿದಳು, ಹುಳಿ ತಿದ್ದಿದಳು. ನೀರು ಸೋಸುವ ಯಂತ್ರದ ಸೋಸುಬಟ್ಟೆ ಬದಲಾಯಿಸಿದರು. ಕೋಣೆಯ ಉಷ್ಣತೆಯ ಮೇಲೆ ಅನುಮಾನ ಬಂದು ತಂಪು ಹೆಚ್ಚಿಸಿದರು, ಲೆನ್ಸಣ್ಣ ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತ. ಮೇಷ್ಟ್ರು ಇನ್ನಷ್ಟು ಮೌನ ಬೇಕೆಂದು ಬಾಗಿಲುಗಳಿಗೆ ರಬ್ಬರಿನ ಪಟ್ಟಿ ಹೊಡೆಸಿದರು, ಚಪ್ಪಲಿ ಸದ್ದು ಮಾಡುವವರನ್ನು ಕಣ್ಣಲ್ಲೇ ಗದರಿಸಿದರು. ಕಾಪಾಡುವ ಕೆಲಸ ಹೆಚ್ಚಿದಷ್ಟೂ ಪ್ರಯೋಗ ನೆಲ ಕಚ್ಚುತ್ತ ಹೋಯಿತು.

ಗುಳ್ಳಕ್ಕನಿಗೆ ಕಣ್ಣೆದುರು ಎರಡು ಹೊರೆ. ಮಧ್ಯಾಹ್ನದ ಬಿಡುವಿನಲ್ಲಿ ನೆಲಮಾಳಿಗೆಗೆ ಇಳಿದರೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಬಕೆಟ್ಟು ಪೊರಕೆಗಳ ನಡುವೆ ಬೆಂಚಿನ ಮೇಲೆ ಚಿಕ್ಕಿ ಕೈ ಕಟ್ಟಿ ಕೂತಿರುವಳು. ದುಡಿಯುವ ಕೈಗಳನ್ನು ಸುಮ್ಮನೆ ಕೂರಿಸುವುದು ಎಂಥ ಅವಮಾನವೆಂದು ಆ ಕೈಗಳನ್ನು ನೋಡಿದವರಿಗೆ ಗೊತ್ತಾಗುತ್ತಿತ್ತು. ಅವು ಮಡಿಲಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಒಂದನ್ನೊಂದು ತಿಕ್ಕುತ್ತಿದ್ದವು. ಆದರೂ ಚಿಕ್ಕಿ ನಗಿಸುತ್ತಿದ್ದಳು. "ಏನೇ, ನಿನ್ನ ಗುಳ್ಳೆಗಳು ಇನ್ನೂ ಮುಷ್ಕರದಲ್ಲೇ ಇವೆಯಾ? ಬೇಡಿಕೆ ಏನಂತೆ ಕೇಳಿದೀಯಾ?"

ಒಂದು ಮಧ್ಯಾಹ್ನ ಮೇಷ್ಟ್ರು ಸೂಕ್ಷ್ಮದರ್ಶಕದ ಹಳೆಯ ವಿಡಿಯೊ ಚಿತ್ರಗಳನ್ನು ಮತ್ತೆ ನೋಡಿ, ಆಗ ಏನು ಬೇರೆ ಇತ್ತು ಹುಡುಕಿ ಎಂದರು. ಗುಳ್ಳಕ್ಕನೂ ಲೆನ್ಸಣ್ಣನೂ ನೋಡಿದ್ದನ್ನೇ ನೋಡಿದರು. ಎಳೆ, ಗಂಟು, ಮಣಿ. ಎಷ್ಟು ಚೆಂದ, ಎಷ್ಟು ನಿಶ್ಚಲ. ಆ ನಿಶ್ಚಲತೆಯೇ ಗುಳ್ಳಕ್ಕನನ್ನು ಚುಚ್ಚಿತು. ಹಿಂಭಾಗದಲ್ಲಿ ಗಾಜಿಗೆ ಅಂಟಿದ ಒಂದು ಧೂಳಿನ ಕಣ ಕೂಡ ಮಿಸುಕುವುದಿಲ್ಲ.

"ಲೆನ್ಸಣ್ಣ, ಇದು ಕ್ಯಾಮೆರಾದಿಂದ ಬಂದ ಹಾಗೇ ಇದೆಯಾ?"

"ಹಸಿ ಚಿತ್ರಾನಾ? ಹಸೀದನ್ನ ಯಾರು ನೋಡ್ತಾರೆ ಗುಳ್ಳಕ್ಕ. ಎಲ್ಲಾನೂ ಸ್ಥಿರ ಮಾಡಿಯೇ ಇಡೋದು."

ಅದು ಅಲ್ಲಿಯ ಪದ್ಧತಿ. ತರಕಾರಿ ತಂದವರು ತೊಳೆದೇ ಹೆಚ್ಚುವಂತೆ, ತೆಗೆದ ಪ್ರತಿಯೊಂದು ಚಿತ್ರವನ್ನೂ ಮೊದಲು ಕಂಪ್ಯೂಟರಿಗೆ ಕೊಟ್ಟು ಅಲುಗಾಟವನ್ನೆಲ್ಲ ಆಗಿಂದಾಗಲೇ ಅಳಿಸಿ, ಆಮೇಲೆ ಪರದೆಯ ಮೇಲೆ ನೋಡುವುದು. ಇಡೀ ಪರದೆ ಅದುರಿದರೆ ಅದು ಕ್ಯಾಮೆರಾದ ದೋಷ, ಗುಳ್ಳೆಗೆ ಸಂಬಂಧವಿಲ್ಲದ ಕಸ ಎಂದು ಎಲ್ಲರೂ ಕಲಿತದ್ದು, ಗುಳ್ಳಕ್ಕನೂ ಕಲಿತು ಕಿರಿಯರಿಗೆ ಕಲಿಸಿದ್ದು. ಸೂಕ್ಷ್ಮದರ್ಶಕ ಕೂತ ಮೇಜಿಗೆ ಅದುರನ್ನು ನುಂಗುವ ಗಾಳಿಯ ಕಾಲುಗಳಿದ್ದವು. ಅವುಗಳಲ್ಲಿ ಒಂದು ಎಂದೋ ಗಾಳಿ ಬಿಟ್ಟಿತ್ತು, ಅದರಡಿಗೆ ಮಡಿಸಿದ ರಬ್ಬರು ತುರುಕಿದ್ದರು. ಚಿತ್ರ ಹೇಗೂ ಸ್ಥಿರವಾಗುತ್ತದಲ್ಲ ಎಂಬ ಧೈರ್ಯದ ಮೇಲೆ ಆ ಕಾಲಿನ ಗೋಜಿಗೆ ಯಾರೂ ಹೋಗಿರಲಿಲ್ಲ.

ಹಸಿ ಚಿತ್ರ ಪರದೆಗೆ ಬಂತು. ಮೊದಲಿಗೆ ಎಳೆಗಳು ತೆಪ್ಪಗಿದ್ದವು. ಆಮೇಲೆ ಇಡೀ ನೋಟ ಸಣ್ಣಗೆ, ಜ್ವರ ಬಂದವರ ತುಟಿಯಂತೆ ನಡುಗಲು ಶುರುವಾಯಿತು. ನಡುಕ ಮೆಲ್ಲಗೆ ಏರಿತು. ಎಳೆಗಳಲ್ಲಿ ಗಂಟು ಮೂಡಿದವು. ನಡುಕ ಅತ್ತ ಹೋದಂತೆ, ಇತ್ತ ಬಂದಂತೆ, ತೂಗುವ ಲಯದಲ್ಲಿ ಹತ್ತಿರವಾಗುತ್ತ ಬಂದು ಥಟ್ಟನೆ ನಿಂತಿತು. ಎಳೆಗಳೂ ನಿಂತವು.

ಗುಳ್ಳಕ್ಕ ಪರದೆಯ ಹತ್ತಿರಕ್ಕೆ ಬಾಗಿದಳು. ಆ ನಿಲುಗಡೆ ಅವಳಿಗೆ ಗೊತ್ತು. ಪ್ಲಗ್ಗು ಕೀಳುತ್ತಿದ್ದಾಳೆ. ಈಗ ನಡೆದು ಬರುತ್ತಿದ್ದಾಳೆ. ಈಗ ಮುಂದಿನ ಗೋಡೆಗೆ ಚುಚ್ಚಿದಳು. ಈಗ ಸೊಂಟಕ್ಕೆ ಕೈಕೊಟ್ಟು ಉಸಿರೆಳೆಯುತ್ತಿದ್ದಾಳೆ. ಪರದೆ ಮತ್ತೆ ನಡುಗತೊಡಗಿತು, ಮತ್ತು ಆ ನಡುಕದ ತೂಗಿನಲ್ಲಿ ಮಣಿಗಳು ಒಂದೊಂದಾಗಿ ದಾರ ಕಳಚಿಕೊಂಡು ಹೊರಟವು.

ಬೇರೆ ದಿನಗಳ ಹಸಿ ಚಿತ್ರಗಳನ್ನೂ ತೆಗೆಸಿ ನೋಡಿದಳು. ಎಲ್ಲದರಲ್ಲೂ ಅದೇ ನಡಿಗೆ, ಅದೇ ನಿಲುಗಡೆ. ಸಾವಿರ ಜನರ ನಡುವೆ ಬೆನ್ನು ನೋಡಿ ಗುರುತಿಸಬಲ್ಲ ಹೆಂಗಸನ್ನು ಅವಳು ಕೊಬ್ಬಿನ ಎಳೆಗಳ ನಡುಕದಲ್ಲಿ ಗುರುತಿಸಿದ್ದಳು.

"ನಮ್ಮ ಚಿಕ್ಕಿ," ಎಂದಳು.

ಲೆನ್ಸಣ್ಣ ಪರದೆಯನ್ನೂ ಅವಳನ್ನೂ ನೋಡಿದ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ತನ್ನ ಸ್ವೆಟರನ್ನು ನಿಧಾನವಾಗಿ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. "ಎಮ್ಮೆ ಹೊಡ್ಕೊಂಡು ಹೋಗ್ತಾ ನಮ್ಮ ಜೀವಸೃಷ್ಟೀನೂ ಮಾಡಿ ಹೋಗ್ತಿದ್ಲಲ್ಲ ಮಾರಾಯ್ತಿ," ಎಂದು ತನಗೆ ತಾನೇ ಹೇಳಿಕೊಂಡ.

ಗುಳ್ಳಕ್ಕನಿಗೆ ನಗು ಬರಲಿಲ್ಲ. ತಾವು ಕಸವೆಂದು ಅಳಿಸಿದ್ದು ಏನನ್ನು ಎಂಬುದು ಅವಳ ಎದೆಯಲ್ಲಿ ಕೂತಿತ್ತು. ಮೊದಲು ಚಿತ್ರದಿಂದ ಅಳಿಸಿದರು. ಆಮೇಲೆ, ಅವಳ ದುಂಡಗಿನ ಸಹಿ ಇಟ್ಟು, ಹಜಾರದಿಂದಲೇ ಅಳಿಸಿದರು.

ಮೇಷ್ಟ್ರು ಹಸಿ ಚಿತ್ರವನ್ನು ಮೊದಲಿನಿಂದ ಮತ್ತೊಮ್ಮೆ ಹಾಕಿಸಿ ನೋಡಿದರು. ಅವರ ಮುಖದಲ್ಲಿ ಹಲವು ಮುಖಗಳು ಬಂದು ಹೋದವು. ಲೇಖನದ ನೆತ್ತಿಯ ಮಾತು ಸತ್ತಿತ್ತು, ಅದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೊನೆಗೆ ಅವರು ಹಿಡಿದುಕೊಂಡದ್ದು ಸುಲಭದ ಎಳೆಯನ್ನು. ಒಂದು ಅಲುಗಾಡಿಸುವ ಯಂತ್ರ ತರಿಸೋಣ, ಚಿಕ್ಕದು, ಮೇಜಿನ ಮೇಲೇ ಕೂರುವಂಥದು. ಬೇಕಾದಷ್ಟೇ ನಡುಕ ಕೊಡುತ್ತದೆ. ತಂಡದ ಮುಂದೆ ಗುಳ್ಳೆ ಎರಡಾದರೆ ಸಾಕು, ಉಳಿದ ವಿವರ ನಿಧಾನವಾಗಿ ಬರೆಯೋಣ ಎಂದರು.

"ಮತ್ತೆ ಚಿಕ್ಕಿ?" ಎಂದು ಗುಳ್ಳಕ್ಕ ಕೇಳಿದಳು.

"ಅದು ಬೇರೆ ವಿಷಯ ಅಲ್ವೇನಮ್ಮ. ನಾನು ಮಾತಾಡ್ತೀನಿ ಅಂದಿದೀನಲ್ಲ."

"ಬೇರೆ ಅಲ್ಲ ಸಾರ್. ಅದೇ ವಿಷಯ. ಯಾರ ನೆರವೂ ಇಲ್ಲ ಅಂತ ಬರೆದಿದೀವಿ. ನೆರವು ಕೊಟ್ಟೋಳು ಕೆಳಗಡೆ ಬೆಂಚಿನ ಮೇಲೆ ಕೂತಿದಾಳೆ, ಈ ವಾರ ಮುಗಿದ್ರೆ ಅಲ್ಲೂ ಇರಲ್ಲ."

ಯೋಜನೆ ನಿಂತರೆ ನಿನ್ನ ಕೆಲಸವೂ ಇರುವುದಿಲ್ಲ, ಯೋಚನೆ ಮಾಡಿದ್ದೀಯಾ ಎಂದು ಮೇಷ್ಟ್ರು ಕೇಳಿದರು. ಹೆದರಿಸುವ ದನಿಯಲ್ಲ, ಹೆದರಿದ ದನಿ. ಯೋಚಿಸಿದ್ದೇನೆ ಎಂದಳು. ತಂಡದ ಮುಂದೆ ಅಲುಗಾಟದ ಮಾತು ತಾನೇ ಹೇಳುವುದಾಗಿಯೂ, ಆ ಮೊದಲು ಅನುಮಾನಕ್ಕೆ ಎಡೆಯಿಲ್ಲದಂತೆ ಇಲ್ಲಿಯೇ, ಇದೇ ಹಜಾರದಲ್ಲಿ, ಅದೇ ಯಂತ್ರ ಅದೇ ಕೈಯಲ್ಲಿ ಓಡಿ, ಗುಳ್ಳೆ ಎರಡಾಗುವುದನ್ನು ಪರೀಕ್ಷಿಸಬೇಕೆಂದೂ ಹೇಳಿದಳು. ಅಲ್ಲಿಗೆ ಮೇಷ್ಟ್ರೊಳಗಿನ ಹಳೆಯ ಮನುಷ್ಯ, ಗೊತ್ತಾಗದೆ ಇರುವುದನ್ನು ಸಹಿಸಲಾರದ ಮನುಷ್ಯ, ಎದ್ದು ಕೂತ. ಹೌದು, ಪರೀಕ್ಷಿಸಬೇಕು. ನಾಳೆ ಬೆಳಗ್ಗೆಯೇ. ನಿನ್ನ ಚಿಕ್ಕಿಯನ್ನು ಬರಹೇಳು.

ಚಿಕ್ಕಿ ಬರಲು ಒಪ್ಪಲಿಲ್ಲ.

ನೆಲಮಾಳಿಗೆಯ ಬೆಂಚಿನ ಮೇಲೆ ಕೂತು ಇಡೀ ಕಥೆ ಕೇಳಿದಳು. ನಡುಕದಲ್ಲಿ ತನ್ನನ್ನು ಗುರುತಿಸಿದ ಭಾಗ ಬಂದಾಗ ಒಮ್ಮೆ ಮುಖ ತಿರುಗಿಸಿ ಗೋಡೆ ನೋಡಿದಳು. ಆಮೇಲೆ ಅಂದಳು: "ಇಳಿಸಿದೋರು ಬಂದು ಕರೀಲಿ. ನೀನಲ್ಲ. ನೀನು ಸಹಿ ಹಾಕ್ದೋಳು ಅಷ್ಟೇ."

ಮೇಷ್ಟ್ರು ಬಂದರು. ಆ ಕಟ್ಟಡದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದಿದ್ದರೂ ನೆಲಮಾಳಿಗೆಯ ಮೆಟ್ಟಿಲು ಅವರು ಇಳಿದದ್ದು ಅದೇ ಮೊದಲು. ದೀಪದ ಗುಂಡಿ ಎಲ್ಲಿದೆಯೆಂದು ಗೊತ್ತಾಗದೆ ಗೋಡೆ ತಡಕಾಡಿದರು. ಬೆಂಚಿನ ಮುಂದೆ ನಿಂತು, ಹೇಗೆ ಕರೆಯಬೇಕೆಂದು ತೋಚದೆ, "ಚಿಕ್ಕಿಯವರೇ," ಎಂದರು. ಬಕೆಟ್ಟು ತುಂಬಿಸುತ್ತಿದ್ದ ಹೆಂಗಸರು ನಲ್ಲಿ ನಿಲ್ಲಿಸಿದರು.

ಚಿಕ್ಕಿ ಎದ್ದು ನಿಲ್ಲಲಿಲ್ಲ, ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಮೇಷ್ಟ್ರು ಕೂತರು. ತಮ್ಮಿಂದ ತಪ್ಪಾಯಿತೆಂದರು, ಪರೀಕ್ಷೆಯ ವಿವರ ಹೇಳಿದರು, ಇದು ಫಲಿಸಿದರೆ ಚಿಕ್ಕಿಯನ್ನು ಮೇಲಕ್ಕೆ ಕರೆಸಿಕೊಳ್ಳಲು ತಮಗೆ ದೊಡ್ಡ ಬಲ ಬರುತ್ತದೆಂದರು.

"ಫಲಿಸದೆ ಇದ್ರೆ?" ಎಂದಳು ಚಿಕ್ಕಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ನೋಡಿ ಸಾರ್, ನಾನು ಗುಳ್ಳೆ ಒಡೆಯೋಕೆ ಸೇರಿದೋಳಲ್ಲ. ನೆಲ ಉಜ್ಜೋಕೆ ಸೇರಿದೋಳು. ಉಜ್ಜಿದೀನಿ. ಅದರಲ್ಲಿ ಏನಾದ್ರೂ ಕೊರತೆ ಇದ್ರೆ ಹೇಳಿ, ಈಗಲೇ ಅಂಗಿ ಬಿಚ್ಚಿಟ್ಟು ಹೋಗ್ತೀನಿ. ಇಲ್ಲ ಅಂದ್ರೆ ಆ ಕಾಗದ ಮೊದಲು ವಾಪಸ್ ತಗೊಳಿ. ಗುಳ್ಳೆ ಎರಡಾದ್ರೂ ಸರಿ, ಆಗದೆ ಇದ್ರೂ ಸರಿ. ನಿಮ್ಮ ಪ್ರಯೋಗಕ್ಕೆ ಬೇಕಾದೆ ಅಂತ ಇಟ್ಕೊಂಡ್ರೆ, ನಾಳೆ ಬೇಡ ಅಂತ ಮತ್ತೆ ಇಲ್ಲಿಗೇ ಇಳಿಸ್ತೀರ."

ಅಷ್ಟೇ. ದನಿ ಏರಿಸಲಿಲ್ಲ. ಮೇಜಿನ ಮೇಲೆ ಕೂರುವ ಚಿಕ್ಕ ಯಂತ್ರದ ಬಗ್ಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ; ಉಪಯೋಗಕ್ಕೆ ಬಂದವರನ್ನು ಉಪಯೋಗ ಮುಗಿದ ಮೇಲೆ ಏನು ಮಾಡುತ್ತಾರೆಂದು ಒಂದು ಆಯುಷ್ಯ ನೀಲಿ ಅಂಗಿ ತೊಟ್ಟವರಿಗೆ ಯಾರ ಪಾಠವೂ ಬೇಡ. ಮೇಷ್ಟ್ರ ಮುಖ ಮಾತ್ರ ಕೆಂಪಗಾಯಿತು. ಕೂತಲ್ಲೇ ಜೇಬಿನಿಂದ ಪೆನ್ನು ತೆಗೆದು ಗುಳ್ಳಕ್ಕನ ಕಡೆಗೆ ಕೈ ಚಾಚಿದರು. ಅವಳು ಕಾಗದ ಕೊಟ್ಟಳು. ದೂರು ತಮ್ಮ ತಿಳಿಗೇಡಿತನದಿಂದ ಬಂದದ್ದೆಂದೂ, ಅದನ್ನು ಹಿಂತೆಗೆದುಕೊಂಡಿರುವುದಾಗಿಯೂ, ಈ ಕೆಲಸಗಾರರನ್ನು ಅವರ ಜಾಗಕ್ಕೆ ಇಂದೇ ಮರಳಿಸಬೇಕೆಂದೂ ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಗುಳ್ಳಕ್ಕ ಕೆಳಗೆ ತನ್ನ ಸಹಿಯನ್ನೂ ಹಾಕಲು ಹೋದಾಗ ಚಿಕ್ಕಿ ತಡೆದಳು. "ನಿಂದು ಬೇಡ. ಒಂದ್ಸಲ ಸಾಕು."

ಕಾಗದ ಕಚೇರಿಗಳನ್ನು ದಾಟಿ ಬರಲು ಒಂದು ದಿನ ಹಿಡಿಯಿತು. ಅಷ್ಟರವರೆಗೆ ಚಿಕ್ಕಿ ಬೆಂಚು ಬಿಟ್ಟು ಏಳಲಿಲ್ಲ. ಸೂಪರ್‌ವೈಸರ್ ಬಂದು, ಹೋಗಮ್ಮ ಮೇಲೆ ಎಂದ ಮೇಲೆ, ಯಂತ್ರವನ್ನು ಲಿಫ್ಟಿಗೆ ತಳ್ಳಿದಳು.

ಪರೀಕ್ಷೆಗೆಂದು ಯಾರೂ ಅವಳನ್ನು ಕರೆಯಲಿಲ್ಲ, ಹೊತ್ತು ನಿಗದಿ ಮಾಡಲಿಲ್ಲ. ಅದು ಗುಳ್ಳಕ್ಕನ ಹಟ. ಅವಳ ಕೆಲಸ ಅವಳು ಮಾಡಲಿ, ನಮ್ಮ ಕೆಲಸ ನಾವು ನೋಡೋಣ. ಚಹಾ ಮುಗಿದ ಮೇಲೆ ಹಜಾರದಲ್ಲಿ ಗರಗರ ಶುರುವಾಯಿತು. ಮೇಷ್ಟ್ರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಬೆನ್ನು ಬಗ್ಗಿಸಿಯೇ ನಿಂತರು. ಪರದೆಯ ಮೇಲೆ ಹಸಿ ಚಿತ್ರ ನಡುಗಿತು, ಗಂಟು ಮೂಡಿತು, ನಡುಕ ನಿಂತಿತು. ಹೊರಗೆ ಪ್ಲಗ್ಗು ಬದಲಾಯಿತು. ಮೊದಲ ಮಣಿ ಕಳಚಿಕೊಂಡಾಗ ಮೇಷ್ಟ್ರು ತಲೆ ಎತ್ತದೆಯೇ ಕೈ ಮಾತ್ರ ಹಿಂದಕ್ಕೆ ಚಾಚಿ ಗುಳ್ಳಕ್ಕನ ತೋಳು ಹಿಡಿದುಕೊಂಡರು. ಲೇಖನ ಹೋಗಿತ್ತು. ಆದರೆ ಕಾರಣ ಸಿಕ್ಕಿತ್ತು, ಮತ್ತು ಆ ಮುದುಕ ಯಾವುದಕ್ಕೆ ಹೆಚ್ಚು ಹಸಿದಿದ್ದ ಎಂಬುದು ಆ ಹಿಡಿತದಲ್ಲಿ ತಿಳಿಯುತ್ತಿತ್ತು.

ತಿಂಗಳು ತಿರುಗಿತು, ತಜ್ಞರ ತಂಡ ಬಂತು. ಇಸ್ತ್ರಿಯ ಕೋಟುಗಳು, ಹೊಳೆಯುವ ಬೂಟುಗಳು. ಗುಳ್ಳಕ್ಕ ಹೇಳಬೇಕಾದದ್ದನ್ನು ಹೇಳಿದಳು. ನಾವು ತಾನಾಗಿಯೇ ಎಂದು ನಂಬಿದ್ದೆವು, ಹಾಗಲ್ಲ, ಅಲುಗಾಟದಿಂದ ಆಗುತ್ತಿದೆ, ಆ ಅಲುಗಾಟವನ್ನು ನಾವೇ ಅಳಿಸಿಹಾಕಿ ನೋಡುತ್ತಿದ್ದೆವು ಎಂದು ಹಸಿ ಚಿತ್ರ ತೋರಿಸಿದಳು. ಕೋಟುಗಳ ನಡುವೆ ಗುಸುಗುಸು ಎದ್ದಿತು. ಹಾಗಾದರೆ ಇದು ಹೊಸದೇನಲ್ಲ ಎಂದು ಒಬ್ಬರು ಏನನ್ನೋ ಬರೆದುಕೊಂಡರು. ಹೊಸದಲ್ಲ, ನಿಜ ಎಂದು ಮೇಷ್ಟ್ರೇ ಉತ್ತರಿಸಿದರು. ಅಷ್ಟು ಮೆಲುವಾದ ನಡುಕಕ್ಕೇ ಎರಡಾಗುತ್ತದೆ ಎಂಬುದು ಮಾತ್ರ ಕುತೂಹಲದ ಸಂಗತಿ ಎಂದು ಇನ್ನೊಬ್ಬ ಹಿರಿಯ ಹೆಂಗಸು ಮುಂದೆ ಬಾಗಿದರು. ಯೋಜನೆ ಇರುತ್ತದೋ ಹೋಗುತ್ತದೋ ಅವರ ಮುಖಗಳಿಂದ ಹೇಳುವಂತಿರಲಿಲ್ಲ.

"ಈ ಅಲುಗಾಟದ ಮೂಲ ಯಾವುದು? ಉಪಕರಣವನ್ನ ನೋಡಬಹುದಾ?" ಎಂದು ಆ ಹಿರಿಯ ಹೆಂಗಸು ಕೇಳಿದರು.

"ಉಪಕರಣ ಅಲ್ಲ ಮೇಡಂ, ನಮ್ಮ ಚಿಕ್ಕಮ್ಮ," ಎಂದು ಗುಳ್ಳಕ್ಕ ಎದ್ದು ಬಾಗಿಲು ತೆರೆದಳು.

ತಂಡ ಅವಳ ಹಿಂದೆ ಎದ್ದು ಬಂತು. ಹಜಾರದ ಆ ತುದಿಯಲ್ಲಿ ಚಿಕ್ಕಿ ಯಂತ್ರವನ್ನು ಗೋಡೆಗೆ ಒರಗಿಸಿ ತಂತಿ ಸುತ್ತುತ್ತಿದ್ದಳು. ಮುಂದಿನವರ ಬೂಟು ಹೊಸ್ತಿಲು ದಾಟುವಷ್ಟರಲ್ಲಿ ತಲೆ ಎತ್ತಿ ಅಂಗೈ ತೋರಿಸಿದಳು.

"ಸ್ವಲ್ಪ ಅಲ್ಲೇ ನಿಂತಿರಿ. ನೆಲ ಇನ್ನೂ ಒದ್ದೆ ಇದೆ."

ತಜ್ಞರು ಬಾಗಿಲಲ್ಲಿ ಒತ್ತಿಕೊಂಡು ನಿಂತರು. ಚಿಕ್ಕಿ ಆತುರವಿಲ್ಲದೆ ತಂತಿಯ ಕೊನೆಯ ಸುತ್ತು ಮುಗಿಸಿ, ಕಿಟಕಿ ತೆರೆದು, ಗಾಳಿಗೆ ದಾರಿ ಬಿಟ್ಟಳು.